ಗುರುವಾರದ ಶಟರುಗಳು

ಗರಗರಣ್ಣ ಸತ್ತದ್ದು ಕಂಡವರ ಹೊಸ್ತಿಲ ಮೇಲೆ. ಗುರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಮುಚ್ಚಿ ಆರು ವರ್ಷವಾಗಿದ್ದ ಚಪ್ಪಲಿ ಅಂಗಡಿಯ ಶಟರ್ ಎತ್ತಿ, ಒಳಗಿನ ಧೂಳು ಗುಡಿಸಿ, ಹೊಸ್ತಿಲ ಮೇಲೆ ಕೂತ. ಎದುರಿನ ಗಡಿಯಾರ ರಿಪೇರಿಯವನು ಎಂದಿನಂತೆ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟು ಹೋದ. ಚಹಾ ಕೆನೆ ಕಟ್ಟಿತು. ಜನ ಓಡಾಡಿದರು. ಗೋಡೆಗೆ ಒರಗಿದವನು ಒಂದು ನಿದ್ದೆ ತೆಗೆಯುತ್ತಿದ್ದಾನೆ ಎಂದುಕೊಂಡರು. ಒಂದು ಗಂಟೆಗೆ ಲೋಟ ಒಯ್ಯಲು ಬಂದ ಗಡಿಯಾರದವನು, "ಅಣ್ಣಾ, ಇದೇನು, ಮುಟ್ಟೇ ಇಲ್ಲವಲ್ಲ?" ಎಂದು ಭುಜ ಅಲುಗಿಸಿದ. ಅಷ್ಟೇ.

ಹೆಂಡತಿ ಆಗ ಮನೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಸುದ್ದಿ ತಂದವನನ್ನು ಅವಳು ಮೊದಲು ಕೇಳಿದ್ದು, "ಯಾರ ಅಂಗಡಿ ಮುಂದೆ?" ಎಂದು. ತಮ್ಮ ಅಂಗಡಿಯ ಮುಂದೆ ಇರಲಾರದು ಎಂದು ಅವಳಿಗೆ ಗೊತ್ತಿತ್ತು.

ಅವನ ಕಸುಬು ಶಟರ್ ರಿಪೇರಿ, ಬೀಗ ರಿಪೇರಿ, ಬೀಗದ ಕೈ ಮಾಡಿಕೊಡುವುದು. ಹಳೇ ಪೇಟೆಯ ನಟ್ಟನಡುವೆ ಒಂದು ಮಹಡಿ ಕಟ್ಟಡ, ಅದರ ಮೆಟ್ಟಿಲ ಕೆಳಗೆ ಅವನ ಗೂಡಂಗಡಿ. ಒಳಗೆ ನೆಟ್ಟಗೆ ನಿಂತರೆ ತಲೆ ಬಡಿಯುತ್ತಿತ್ತು. ಬೀಗದ ಕೈ ಕೊರೆಯುವ ಒಂದು ಯಂತ್ರ, ಒಂದು ಸ್ಟೂಲು, ಗ್ರೀಸ್ ಡಬ್ಬ, ಉದ್ದ ಮೂತಿಯ ಎಣ್ಣೆ ಕ್ಯಾನು, ಗೋಡೆ ತುಂಬ ಮೊಳೆ. ಶಟರ್ ಏಳುವ ಸದ್ದಿನಿಂದ ಪೇಟೆಯವರು ಇಟ್ಟ ಹೆಸರು ಗರಗರಣ್ಣ. ಹೆತ್ತವರು ಇಟ್ಟ ಹೆಸರನ್ನು ಹೆಂಡತಿಯೂ ಮರೆತಂತಿತ್ತು.

ಹತ್ತು ವರ್ಷದ ಹಿಂದೆ ಊರಾಚೆಯ ದೊಡ್ಡ ರಸ್ತೆಗೆ ಮಾಲ್ ಬಂತು. ಅದಾದ ಮೇಲೆ ಹಳೇ ಪೇಟೆಯ ಹಲ್ಲು ಒಂದೊಂದಾಗಿ ಉದುರಿತು. ಮೊದಲು ಪಾತ್ರೆ ಅಂಗಡಿ. ಆಮೇಲೆ ಚಪ್ಪಲಿ ಅಂಗಡಿ, ರೇಡಿಯೊ ಅಂಗಡಿ, ಫೋಟೊ ಸ್ಟುಡಿಯೊ. ಹೀಗೆ ಮುಚ್ಚಿದವರಲ್ಲಿ ಏಳು ಜನ ಹೋಗುವಾಗ ಬೀಗದ ಕೈ ತಂದು ಅವನ ಕೈಗಿಟ್ಟರು. "ಒಂದು ಕಣ್ಣಿಟ್ಟಿರಪ್ಪ" ಎಂದರು. ಆ ಮಾತನ್ನು ಬೇರೆ ಯಾರಾದರೂ ಆಗಿದ್ದರೆ ಮಾತಾಗಿ ತಗೊಳ್ಳುತ್ತಿದ್ದರು. ಇವನು ಕಣ್ಣು ಎರಡೂ ಇಟ್ಟ, ಕೈ ಎರಡೂ ಇಟ್ಟ, ಸೊಂಟವನ್ನೂ ಇಟ್ಟ.

ಎತ್ತದೆ ಬಿಟ್ಟ ಶಟರ್ ಸಾಯುತ್ತದೆ. ಸ್ಪ್ರಿಂಗ್ ಬಿಗಿದುಕೊಳ್ಳುತ್ತದೆ, ಪಟ್ಟಿಗಳು ತುಕ್ಕಿನಲ್ಲಿ ಒಂದಕ್ಕೊಂದು ಅಂಟುತ್ತವೆ. ಅದಕ್ಕೆ ಗುರುವಾರ ಗುರುವಾರ ಆ ಏಳು ಅಂಗಡಿಗಳನ್ನೂ ಸುತ್ತುತ್ತಿದ್ದ. ಶಟರ್ ಎತ್ತಿ, ಎಣ್ಣೆ ಬಿಟ್ಟು, ಒಳಗೆ ಗುಡಿಸಿ, ಗಾಳಿಯಾಡಲಿ ಎಂದು ಸಂಜೆಯವರೆಗೆ ತೆರೆದಿಟ್ಟು, ಒಂದರಿಂದ ಇನ್ನೊಂದಕ್ಕೆ ಓಡಾಡುತ್ತ ಕಾಯುತ್ತಿದ್ದ. ಯಾರೂ ಬಿಡಿಗಾಸು ಕೊಡಲಿಲ್ಲ. ಯಾರೂ ಬಂದು ನೋಡಲೂ ಇಲ್ಲ. ತನ್ನ ಗೂಡಿಗೆ ಮಾತ್ರ ಆ ದಿನ ಬೀಗ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದ: ಇಲ್ಲೇ ಇದ್ದೇನೆ. ಕೂಗಿ.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅವಳು ಬೈಯುತ್ತಿದ್ದಳು. "ಆ ಚಪ್ಪಲಿ ಅಂಗಡಿಯವನು ನಿನಗೆ ಒಂದು ಜೊತೆ ಹವಾಯಿ ಚಪ್ಪಲಿಯಾದರೂ ಕೊಟ್ಟನಾ?"

"ಎಲ್ಲ ಶಟರೂ ಕೆಳಗಿದ್ದರೆ ಜನ ಬೀದಿಯಲ್ಲಿ ಬೇಗ ಬೇಗ ನಡೀತಾರೆ ಕಣೇ," ಎನ್ನುತ್ತಿದ್ದ ಅವನು. "ನಾಲ್ಕು ಮೇಲಿದ್ದರೆ ನಿಧಾನ ಮಾಡ್ತಾರೆ. ನಿಧಾನ ಮಾಡಿದರೆ ಗಡಿಯಾರದವನಿಗೆ ಒಂದು ಗಿರಾಕಿ. ಅಷ್ಟೇ ಲೆಕ್ಕ."

ಒಬ್ಬಳೇ ಮಗಳು ಆ ಮಾಲ್‌ನಲ್ಲೇ ಬಿಲ್ಲಿನ ಕೌಂಟರಿನಲ್ಲಿ ಕೂರುತ್ತಿದ್ದಳು. "ನಾನು ಎತ್ತುತ್ತೀನಿ, ನನ್ನ ಮಗಳು ಇಳಿಸ್ತಾಳೆ," ಎಂದು ಅವನು ನಗುತ್ತಿದ್ದ. ಮಗಳಿಗೆ ನಗು ಬರುತ್ತಿರಲಿಲ್ಲ.

ಅವನು ಸತ್ತು ಹದಿನೈದು ದಿನಕ್ಕೆ ಹೆಂಡತಿ ಗೂಡಿಗೆ ಬಂದು ಕೂತಳು. ಬೀಗದ ಕೈ ಕೊರೆಯುವುದನ್ನು ಮದುವೆಯಾದ ಹೊಸದರಲ್ಲೇ ಕಲಿತಿದ್ದಳು. ಹೊಟ್ಟೆಪಾಡಿಗೆ ಅದು ಬೇಕಿತ್ತು. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ಮಗಳಿಗೂ ಹೇಳಲಿಲ್ಲ. ಅವನು ಸತ್ತ ಹೊತ್ತಿನಲ್ಲಿ ಅವಳು ಹಿಂಡುತ್ತಿದ್ದದ್ದು ಅವನ ಅಂಗಿಗಳನ್ನೇ. ಇದ್ದದ್ದು ಮೂರು ಅಂಗಿ. ಒಂದು ಮೈಮೇಲೆ ಹೋಯಿತು, ಎರಡು ಸೋಪಿನಲ್ಲಿ ಹೋದವು. ಮನೆಯಲ್ಲಿ ಅವನ ವಾಸನೆ ಎಂಬುದು ಉಳಿಯಲಿಲ್ಲ. ಗೂಡಿನಲ್ಲಿ ಉಳಿದಿತ್ತು. ಗ್ರೀಸು, ಕಬ್ಬಿಣದ ಪುಡಿ, ಬೆವರು. ಬಾಗಿಲು ತೆರೆದ ಕೂಡಲೆ ಒಂದು ಗಳಿಗೆ ಅವನು ಇರುತ್ತಿದ್ದ. ಆಮೇಲೆ ಗಾಳಿ ಬಂದರೆ ಹೋಗುತ್ತಿದ್ದ.

ಗುರುವಾರದ ಸುತ್ತನ್ನು ಅವಳು ಮಾಡಲಿಲ್ಲ. ಏಳು ಬೀಗದ ಕೈಗಳ ಗೊಂಚಲು ಮೊಳೆಯಲ್ಲೇ ನೇತಾಡಿತು.

ಮೂರನೇ ತಿಂಗಳಲ್ಲಿ ಪೇಟೆಯ ಕಂಬಗಳ ಮೇಲೆ ಬಣ್ಣದ ಕಾಗದ ಅಂಟಿಸಿದರು. ಹಳೇ ಪೇಟೆಗೆ ಹೊಸ ಜೀವ ತುಂಬುವ ಯೋಜನೆ. ವರ್ತಕರ ಸಮಿತಿ, ನಗರಸಭೆ, ಒಂದು ಬ್ಯಾಂಕು, ಕಾಲೇಜಿನ ಹುಡುಗ ಹುಡುಗಿಯರು, ಎಲ್ಲ ಸೇರಿ ಮಾಡುವುದಂತೆ. ಕಲ್ಲು ಹಾಸುತ್ತಾರಂತೆ, ದೀಪ ಹಾಕುತ್ತಾರಂತೆ, ಸೋರುವ ಸೂರು ಸರಿ ಮಾಡುತ್ತಾರಂತೆ. ಗಡಿಯಾರದವನು ಆ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದ. ಅಂಗಿಯ ಗುಂಡಿ ಮಾರುವ ಪಕ್ಕದ ಅಂಗಡಿಯ ಅಜ್ಜಿ ಯಾವತ್ತೂ ಇಲ್ಲದ್ದು ಬಾಗಿಲ ಮುಂದೆ ನೀರು ಚಿಮುಕಿಸಿದಳು.

ಮಗಳು ರಜೆಯ ದಿನ ಬಂದು ಅಮ್ಮನಿಗೆ ನಿಯಮ ಓದಿ ಹೇಳಿದಳು. ಕಳೆದ ವರ್ಷ ಕಾಲೇಜಿನವರು ಮೂರು ಸಲ ಪೇಟೆ ಸುತ್ತಿ, ಯಾವ ಅಂಗಡಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಬರೆದುಕೊಂಡಿದ್ದರು. ಎರಡು ಸಲವಾದರೂ ತೆರೆದಿದ್ದ ಅಂಗಡಿ ಇದ್ದವರ ಕೈಯಲ್ಲೇ ಇರುತ್ತದೆ, ರಿಪೇರಿಗೆ ಸಹಾಯವೂ ಸಿಗುತ್ತದೆ. ಮುಚ್ಚಿದ್ದನ್ನು ಸಮಿತಿ ತೆಗೆದುಕೊಂಡು ಹೊಸಬರಿಗೆ ಕೊಡುತ್ತದೆ.

"ನಮ್ಮದು ಮೂವತ್ತು ವರ್ಷದಿಂದ ತೆರೆದಿದೆ," ಎಂದಳು ಅವಳು.

"ಪಟ್ಟಿ ನೋಡಿಕೊಂಡು ಬಾ ಅಮ್ಮ. ನಿನ್ನ ಬಾಯಿ ಮಾತು ಅಲ್ಲಿ ನಡೆಯಲ್ಲ."

ಸಮಿತಿಯ ಆಫೀಸು ಹಳೇ ಅಂಚೆ ಕಟ್ಟಡದ ಮಹಡಿಯಲ್ಲಿತ್ತು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಒಳ್ಳೆಯವಳು. ಕುರ್ಚಿ ಕೊಟ್ಟು, ನೀರು ಕೊಟ್ಟು, ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಮೆಟ್ಟಿಲ ಕೆಳಗಿನದು, ಅಲ್ವಾ ಅಮ್ಮ? ಮುಚ್ಚಿದೆ. ಮುಚ್ಚಿದೆ. ಮುಚ್ಚಿದೆ."

"ಮೂರು ಸಲವೂ?"

"ಮೂರು ಸಲವೂ. ಬಾಗಿಲ ಮೇಲೆ ಏನೋ ಬರೆದಿತ್ತಂತೆ, ಅದನ್ನೂ ಷರಾ ಹಾಕಿದ್ದಾರೆ. 'ಇಲ್ಲೇ ಇದ್ದೇನೆ, ಕೂಗಿ.'"

"ಕೂಗಿದರಾ?"

ಹುಡುಗಿಗೆ ಅರ್ಥವಾಗಲಿಲ್ಲ.

"ಕೂಗಿದ್ದರೆ ಬರ್ತಿದ್ದರು," ಎಂದಳು ಅವಳು. "ಚಪ್ಪಲಿ ಅಂಗಡಿ ಏನಂತ ಇದೆ ನೋಡಮ್ಮ."

"ತೆರೆದಿದೆ. ತೆರೆದಿದೆ. ತೆರೆದಿದೆ."

"ರೇಡಿಯೊ ಅಂಗಡಿ?"

"ಅದೂ ಮೂರು ಸಲ ತೆರೆದಿದೆ."

ಅವಳು ಕೇಳುತ್ತ ಹೋದಳು, ಹುಡುಗಿ ಓದುತ್ತ ಹೋದಳು. ಏಳೂ ತೆರೆದಿದ್ದವು. ಕಾಲೇಜಿನವರು ಪೇಟೆ ಸುತ್ತಿದ್ದು ಯಾವ ದಿನ ಎಂದು ಕೇಳಿದಳು. ಅವರಿಗೆ ಪಾಠವಿಲ್ಲದ ದಿನ, ಗುರುವಾರ. ಶಟರ್ ಮೇಲಿದ್ದರೆ ತೆರೆದಿದೆ ಎಂದು ಬರೆಯಿರಿ ಎಂದು ಅವರಿಗೆ ಹೇಳಿ ಕಳಿಸಿದ್ದರಂತೆ. ಒಳಗೆ ಹೋಗಿ ಒಂದು ಜೊತೆ ಚಪ್ಪಲಿ ಕೊಡಿ ಎಂದು ಕೇಳಿದವರು ಯಾರೂ ಇಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಎಂದು ಯಾರೂ ಹೇಳಿರಲಿಲ್ಲ.

ತಪ್ಪಾಗಿದ್ದರೆ ದಾರಿ ಇದೆ ಎಂದಳು ಹುಡುಗಿ. ಅಕ್ಕಪಕ್ಕದ ಇಬ್ಬರು ಅಂಗಡಿಯವರು, ಆ ದಿನಗಳಲ್ಲಿ ಈ ಅಂಗಡಿ ತೆರೆದಿತ್ತು ಎಂದು ಸಹಿ ಹಾಕಬೇಕು. ಪಟ್ಟಿ ಒಪ್ಪಿಸುವ ಸಭೆ ಬರುವ ವಾರ ಎಂದು ಹೇಳಿ ಒಂದು ಅರ್ಜಿ ಕೊಟ್ಟಳು. ಅವಳು ಅದನ್ನು ಮಡಿಸದೆ, ಎರಡು ಕೈಯಲ್ಲಿ ಹಿಡಿದುಕೊಂಡು ಬಂದಳು.

ಮೊದಲು ಗುಂಡಿ ಅಂಗಡಿಯ ಅಜ್ಜಿ. ಅವಳ ಅಂಗಡಿಯ ಶಟರ್ ಗಾಳಿಗೆ ಕಿತ್ತು ಬಂದಾಗ, ಎರಡು ದಿನ ಅದರಡಿ ಮಲಗಿ ಸರಿ ಮಾಡಿದ್ದು ಗರಗರಣ್ಣ. ಅಜ್ಜಿ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಕೈ ನಡುಗುತ್ತೆ ಮಗಳೇ. ಸಹಿ ಬರಲ್ಲ."

"ಹೆಬ್ಬೆಟ್ಟು ಒತ್ತಿ ಅಜ್ಜಿ."

"ಸುಳ್ಳು ಸಹಿ ಹಾಕಿದವರ ಹೆಸರೂ ಹೊಡೆದುಹಾಕ್ತಾರಂತಲ್ಲ. ನನ್ನ ಹೆಸರು ಪಟ್ಟಿಯಲ್ಲಿದೆ. ಇರೋ ಹೆಸರನ್ನ ಅಲ್ಲಾಡಿಸಿ ನೋಡಬಾರದು, ಹಣ್ಣಲ್ಲ ಅದು." ಡಬ್ಬಿಯಿಂದ ನಾಲ್ಕು ಬಿಳಿ ಗುಂಡಿ ತೆಗೆದು ಇವಳ ಕೈಗೆ ತುರುಕಿದಳು. "ತಗೋ, ರವಿಕೆಗೆ ಹಾಕ್ಕೋ. ದುಡ್ಡು ಬೇಡ."

ಅವಳು ಗುಂಡಿಗಳನ್ನು ಮೇಜಿನ ಮೇಲಿಟ್ಟು ಎದ್ದಳು.

ಗಡಿಯಾರದವನು ಸುಳ್ಳು ಹೇಳುವವನಲ್ಲ. ಅದೇ ಅವನ ಕಾಯಿಲೆ. ಇಪ್ಪತ್ತು ವರ್ಷ ಗರಗರಣ್ಣನ ಜೊತೆ ಚಹಾ ಕುಡಿದವನು, ಅವನನ್ನು ಅಣ್ಣ ಎಂದವನು, ಅವನ ಶವಕ್ಕೆ ಹೆಗಲು ಕೊಟ್ಟವನು. ಅರ್ಜಿ ಓದಿ ಕನ್ನಡಕ ತೆಗೆದು ಒರೆಸಿದ.

"ಅತ್ತಿಗೆ, ಗುರುವಾರ ಗೂಡು ಮುಚ್ಚಿರ್ತಿತ್ತು. ತೆರೆದಿತ್ತು ಅಂತ ಹೇಗೆ ಬರೆಯಲಿ?"

"ಚಪ್ಪಲಿ ಅಂಗಡಿ ತೆರೆದಿತ್ತಾ?"

"ತೆರೆದಿತ್ತು."

"ಯಾರು ತೆರೆದದ್ದು?"

"ಅಣ್ಣ."

"ಅದನ್ನೇ ಬರಿ."

ಅವನು ಕಾಗದವನ್ನು ಮತ್ತೆ ನೋಡಿದ. ಅವನ ಕಣ್ಣು ತೇವವಾಗಿತ್ತು. "ಅದನ್ನ ಬರೆಯೋಕೆ ಇದರಲ್ಲಿ ಜಾಗ ಕೊಟ್ಟಿಲ್ಲ ಅತ್ತಿಗೆ. ನಾನು ಕಂಡದ್ದನ್ನ ಮಾತ್ರ ಹೇಳೋನು. ಬಾಗಿಲು ಮುಚ್ಚಿತ್ತು."

ಸುಳ್ಳುಗಾರನಾಗಿದ್ದರೆ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಆದರೆ ಒಂದು ಮಾತು ಹೇಳಿಬಂದಳು. "ಹಾಗಾದರೆ ಆ ಏಳು ಅಂಗಡಿಯನ್ನ ಯಾರು ತೆರೆದದ್ದು ಅಂತ ನಾನೇ ಸಭೆಯಲ್ಲಿ ಹೇಳ್ತೀನಿ. ನನಗೇನು, ಬಾಯಿಗೆ ಜಾಗ ದೇವರೇ ಕೊಟ್ಟಿದ್ದಾನೆ."

ಪೇಟೆಯಲ್ಲಿ ಮಾತಿಗೆ ಶಟರ್ ಇಲ್ಲ. ಸಂಜೆಯೊಳಗೆ ಸಮಿತಿಯ ಅಧ್ಯಕ್ಷ ಗೂಡಿನ ಮುಂದೆ ಬಂದು ನಿಂತ. ದೊಡ್ಡ ಬಟ್ಟೆ ಅಂಗಡಿಯ ಯಜಮಾನ. ಮೆಟ್ಟಿಲ ಕೆಳಗೆ ತಲೆ ಬಗ್ಗಿಸುವುದು ಅವನಿಗೆ ಅಭ್ಯಾಸವಿಲ್ಲ. ಒಂದು ಸಲ ಬಡಿಸಿಕೊಂಡ.

"ಏನಮ್ಮ, ಹೇಗಿದ್ದೀಯ?"

"ಕೂತಿದ್ದೀನಿ ಯಜಮಾನರೇ. ಇರೋ ತನಕ."

"ನೋಡಮ್ಮ, ನಿನಗೆ ತಿಳಿಯೋ ಹಾಗೆ ಹೇಳ್ತೀನಿ. ಪೇಟೆಯಲ್ಲಿ ನಲವತ್ತು ಅಂಗಡಿ. ಅರ್ಧಕ್ಕಿಂತ ಜಾಸ್ತಿ ನಡೀತಾ ಇದ್ದರೆ ಮಾತ್ರ ಯೋಜನೆ. ಪಟ್ಟಿಯಲ್ಲಿ ಇಪ್ಪತ್ನಾಲ್ಕು ಇದೆ. ನಿನ್ನ ಏಳು ಕಳೆದರೆ ಎಷ್ಟು?"

"ಹದಿನೇಳು. ಅಷ್ಟು ಬರುತ್ತೆ ನನಗೆ."

"ಹದಿನೇಳಾದರೆ ಕಲ್ಲೂ ಇಲ್ಲ, ದೀಪವೂ ಇಲ್ಲ. ಗಡಿಯಾರದವನ ಸೂರು ಮುಂದಿನ ಮಳೆಗೆ ನಿಲ್ಲಲ್ಲ. ಅಜ್ಜಿದೂ ಅಷ್ಟೇ."

"ನನ್ನ ಗೂಡು?"

"ಯಾವುದಾದರೂ ಮೂಲೆ ನೋಡೋಣ. ಎಲ್ಲ ಮುಗೀಲಿ."

"ಬರೆದುಕೊಡ್ತೀರಾ?"

ಅಧ್ಯಕ್ಷ ಕೈ ಒರೆಸಿಕೊಂಡ. ಏನೂ ಮುಟ್ಟಿರಲಿಲ್ಲ, ಆದರೂ ಒರೆಸಿಕೊಂಡ. "ಇನ್ನೊಂದು ಮಾತು ಯೋಚನೆ ಮಾಡು. ಸುಳ್ಳು ಶಟರ್ ಎತ್ತಿದ್ದು ಅಂತ ಆದರೆ, ತಪ್ಪು ಯಾರ ತಲೆ ಮೇಲೆ ಬರುತ್ತೆ? ಬೀಗದ ಕೈ ಯಾರ ಹತ್ತಿರ ಇತ್ತು? ಸತ್ತವನ ಹೆಸರಿಗೆ ಯಾಕಮ್ಮ ಮಸಿ?"

ಅವನು ಹೋದ ಮೇಲೂ ಅವಳು ಕೂತೇ ಇದ್ದಳು. ಒಬ್ಬ ಗಿರಾಕಿ ಬಂದು ಬೀಗದ ಕೈ ಕೊರೆಯಲು ಕೊಟ್ಟ. ಎರಡು ಸಲ ತಪ್ಪು ಕೊರೆದಳು. ಮೂವತ್ತು ವರ್ಷದಲ್ಲಿ ಅವಳು ಎರಡು ಸಲ ಒಂದೇ ಕೈ ಕೆಡಿಸಿದ್ದು ಅದೇ ಮೊದಲು.

ಸಭೆ ಅಂಚೆ ಕಟ್ಟಡದ ಮಹಡಿಯಲ್ಲಿ. ಮಡಚುವ ಕುರ್ಚಿಗಳು, ಒಂದು ಮೈಕು, ಗೋಡೆಯ ಮೇಲೆ ಸಾಲಾಗಿ ಫೋಟೊಗಳು. ಅವಳು ಏಳು ಬೀಗದ ಕೈಗಳ ಗೊಂಚಲನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಹೇಳಬೇಕೆಂದೇ ಬಂದಿದ್ದಳು. ಮೆಟ್ಟಿಲು ಹತ್ತುವಾಗಲೂ ಮಾತು ಜೋಡಿಸಿಕೊಂಡೇ ಹತ್ತಿದ್ದಳು.

ನಗರಸಭೆಯ ಅಧಿಕಾರಿ ಗೋಡೆ ತೋರಿಸಿದ. "ಇವು ನಮ್ಮ ಕಾಲೇಜಿನ ಮಕ್ಕಳು ತೆಗೆದ ಚಿತ್ರಗಳು. ಹಳೇ ಪೇಟೆ ಸತ್ತಿದೆ ಅಂತ ಎಷ್ಟೋ ಜನ ಅಂದರು. ಸತ್ತ ಪೇಟೆ ಹೀಗಿರುತ್ತಾ? ನೋಡಿ, ಇಲ್ಲಿ ಜೀವ ಇದೆ."

ಅವನ ಕೋಲು ನಿಂತ ಚಿತ್ರದಲ್ಲಿ ಚಪ್ಪಲಿ ಅಂಗಡಿ ಇತ್ತು. ಶಟರ್ ಅರ್ಧ ಎದ್ದಿತ್ತು. ಅದರಡಿ ಬೆನ್ನು ತಿರುಗಿಸಿ ನಿಂತ ಗಂಡಸು, ಎರಡೂ ಕೈ ಮೇಲೆ. ಅಂಗಿಯ ಬೆನ್ನಿನಲ್ಲಿ ಬೆವರಿನ ಕಲೆ. ಎಡ ತೋಳಿನ ಕೆಳಗೆ ಹೊಲಿಗೆ ಬಿಟ್ಟಿತ್ತು. ಆ ಹೊಲಿಗೆ ಹಾಕುತ್ತೇನೆ ಹಾಕುತ್ತೇನೆ ಎಂದು ಅವಳು ಹಾಕಿರಲಿಲ್ಲ.

"ಪಟ್ಟಿಯ ಬಗ್ಗೆ ಯಾರಿಗಾದರೂ ತಕರಾರು ಇದೆಯಾ?" ಎಂದ ಅಧಿಕಾರಿ.

ಅವಳು ಎದ್ದಳು. ಗೊಂಚಲು ಸದ್ದು ಮಾಡಿತು. ಆ ಸದ್ದು ಪೇಟೆಯವರಿಗೆಲ್ಲ ಗೊತ್ತು. ಅಜ್ಜಿ ನೆಲ ನೋಡಿದಳು. ಗಡಿಯಾರದವನು ತನ್ನ ಕೈಗಡಿಯಾರ ನೋಡಿದ. ಅಧ್ಯಕ್ಷ ಮಾತ್ರ ಅವಳನ್ನೇ ನೋಡಿದ.

ಈಗ ಬಾಯಿ ಬಿಟ್ಟರೆ ಆ ಚಿತ್ರದಲ್ಲಿರುವವನು ಕಳ್ಳನಾಗುತ್ತಾನೆ. ಹತ್ತು ವರ್ಷ ಎತ್ತಿದ್ದೆಲ್ಲ ಮೋಸಕ್ಕೆ ಎತ್ತಿದ್ದಾಗುತ್ತದೆ. ಬಿಡದಿದ್ದರೆ ಗೂಡು ಹೋಗುತ್ತದೆ, ಅದರೊಳಗಿನ ಆ ಒಂದು ಗಳಿಗೆ ಹೋಗುತ್ತದೆ. ಅತ್ತ ದರಿ, ಇತ್ತ ಹುಲಿ. ದರಿಗೆ ಬಿದ್ದರೆ ತಾನೊಬ್ಬಳೇ ಬೀಳುವುದು.

"ಹೇಳಮ್ಮ, ಏನು?" ಎಂದ ಅಧಿಕಾರಿ.

"ಮೆಟ್ಟಿಲ ಕೆಳಗಿನದು ನಮ್ಮದು," ಎಂದಳು. "ಮುಚ್ಚಿತ್ತು. ಸರಿಯಾಗೇ ಬರೆದಿದ್ದೀರಿ."

ಕೂತಳು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇಂಥ ಪ್ರಾಮಾಣಿಕರು ಇರುವುದರಿಂದಲೇ ಪೇಟೆ ಉಳಿದಿದೆ ಎಂದು ಅಧಿಕಾರಿ ಮೈಕಿನಲ್ಲಿ ಹೇಳಿದ. ಉಳಿದವರೂ ತಟ್ಟಿದರು. ಗಡಿಯಾರದವನೂ ತಟ್ಟಿದ.

ಮುಂದಿನ ವಾರ ಏಳು ಅಂಗಡಿಗಳ ಮಾಲೀಕರು ಬೀಗದ ಕೈ ಕೇಳಿಕೊಂಡು ಬಂದರು. ಕೆಲವರ ಮುಖ ಅವಳಿಗೆ ಮರೆತೇ ಹೋಗಿತ್ತು. ಗೊಂಚಲು ಹಿಡಿದು ನಿಂತರೆ, "ನಮ್ಮದು ಯಾವುದು?" ಎಂದು ಅವಳನ್ನೇ ಕೇಳಿದರು. ಗರಗರಣ್ಣ ಪ್ರತಿ ಕೈಯ ಕತ್ತಿನಲ್ಲೂ ಅರದಿಂದ ಗೀಟು ಹಾಕಿದ್ದ. ಪಾತ್ರೆ ಅಂಗಡಿಗೆ ಒಂದು, ಚಪ್ಪಲಿ ಅಂಗಡಿಗೆ ಎರಡು. ಮುಚ್ಚಿದ ಕ್ರಮದಲ್ಲೇ ಏಳು. ಚಪ್ಪಲಿ ಅಂಗಡಿಯವನು ಕೈ ತಗೊಂಡು, "ನಿಮ್ಮ ಯಜಮಾನರು ಕಾಣ್ತಾ ಇಲ್ಲವಲ್ಲ?" ಎಂದ.

"ಹೋದರು."

"ಎಲ್ಲಿಗೆ?"

"ನಿಮ್ಮ ಅಂಗಡಿಗೆ," ಎಂದಳು ಅವಳು. ಅವನು ಹಲ್ಲು ಬಿಟ್ಟು, ತಲೆಯಾಡಿಸಿ ಹೋದ.

ಗೂಡು ತೆರವು ಮಾಡಲು ಇಬ್ಬರು ಆಳು ಬಂದರು. ಯಂತ್ರ ಮತ್ತು ಸ್ಟೂಲನ್ನು ಮಗಳು ಆಟೋದಲ್ಲಿ ಮನೆಗೆ ಸಾಗಿಸಿದಳು. ಗ್ರೀಸ್ ಡಬ್ಬ, ಎಣ್ಣೆ ಕ್ಯಾನು, ತುಕ್ಕು ಹಿಡಿದ ಸ್ಪ್ರಿಂಗುಗಳು ಕಸದ ಗಾಡಿಗೆ ಹೋದವು. ಗೋಡೆಗೆ ಸುಣ್ಣ ಹೊಡೆದರು. ಅವಳು ಬಾಗಿಲ ಒಳಗೆ ಮುಖವಿಟ್ಟು ಉಸಿರೆಳೆದಳು. ಸುಣ್ಣ.

ಕಲ್ಲು ಹಾಸಿದರು, ದೀಪ ಹಾಕಿದರು. ಮೆಟ್ಟಿಲ ಕೆಳಗಿನ ಜಾಗ ಅಂಗಡಿಗೆ ಚಿಕ್ಕದಾಯಿತು ಎಂದು ಯಾರೂ ತಗೊಳ್ಳಲಿಲ್ಲ. ಅದಕ್ಕೆ ಹಲಗೆ ಹೊಡೆದು ಮುಚ್ಚಿ, ಮೇಲೆ ಆಳೆತ್ತರದ ಚಿತ್ರ ಅಂಟಿಸಿದರು. ಅದೇ ಚಿತ್ರ. ಶಟರ್ ಎತ್ತುತ್ತಿರುವ ಬೆನ್ನು, ಬೆವರಿನ ಕಲೆ, ಬಿಟ್ಟ ಹೊಲಿಗೆ. ಕೆಳಗೆ ದೊಡ್ಡ ಅಕ್ಷರ: ಏಳುತ್ತಿದೆ ನಮ್ಮ ಪೇಟೆ. ಅದರ ಕೆಳಗೆ ಸಮಿತಿ, ಬ್ಯಾಂಕು, ನಗರಸಭೆ, ಕಾಲೇಜು. ಉದ್ಘಾಟನೆಯ ದಿನ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ತನ್ನ ಬಾಗಿಲಿಗೆ ತಾನೇ ಅಡ್ಡ ನಿಂತಿದ್ದಾನೆ ಗಂಡ. ಅವಳು ದೂರದಿಂದ ನೋಡಿದಳು, ಹತ್ತಿರ ಹೋಗಲಿಲ್ಲ. ಹೊಲಿಗೆ ಅಷ್ಟು ದೂರಕ್ಕೂ ಕಾಣುತ್ತಿತ್ತು.

ಮೂಲೆಯ ಮಾತು ಕೇಳಲು ಎರಡು ಸಲ ಅಧ್ಯಕ್ಷನ ಅಂಗಡಿಗೆ ಹೋದಳು. ಒಂದು ಸಲ ಊಟಕ್ಕೆ ಹೋಗಿದ್ದರು, ಇನ್ನೊಂದು ಸಲ ಊರಿಗೆ ಹೋಗಿದ್ದರು. ಮೂರನೇ ಸಲ ಹೋಗಲಿಲ್ಲ.

ಏಳು ಅಂಗಡಿಯವರಲ್ಲಿ ಐವರು ರಿಪೇರಿಯ ಸಹಾಯ ತಗೊಂಡು, ಬಣ್ಣ ಬಳಿಸಿ, ಎರಡು ತಿಂಗಳು ಕೂತು, ಮತ್ತೆ ಶಟರ್ ಇಳಿಸಿ ಹೋದರು. ಈ ಸಲ ಬೀಗದ ಕೈ ಕೊಡಲು ಯಾರೂ ಇರಲಿಲ್ಲ. ಮಳೆ ಬಂದು ಹೋಯಿತು.

ಅವಳು ಈಗ ಮನೆಯ ಅಡಿಗೆ ಕಟ್ಟೆಯ ಮೇಲೆ ಯಂತ್ರ ಇಟ್ಟುಕೊಂಡಿದ್ದಾಳೆ. ಗೊತ್ತಿದ್ದವರು ಬರುತ್ತಾರೆ. ದಿನಕ್ಕೆ ಎರಡು, ಮೂರು ಬೀಗದ ಕೈ.

ಒಂದು ಬೆಳಿಗ್ಗೆ ಗಡಿಯಾರದವನು ಬಂದ. ಬಾಗಿಲಲ್ಲೇ ನಿಂತ. ಅಂಗೈ ತುಂಬ ತುಕ್ಕಿನ ಕೆಂಪು.

"ಅತ್ತಿಗೆ, ನಮ್ಮ ಶಟರ್ ಮಂಡಿಯವರೆಗೆ ಎದ್ದು ನಿಂತುಬಿಟ್ಟಿದೆ. ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಮೂರು ದಿನದಿಂದ ತೆವಳಿಕೊಂಡು ಒಳಗೆ ಹೋಗ್ತಿದ್ದೀನಿ. ಹೊಸ ಕಂಪನಿಯವರು ಪೂರ್ತಿ ಬದಲಾಯಿಸಬೇಕು ಅಂತಾರೆ. ಅಣ್ಣನ ಎಣ್ಣೆ ಕ್ಯಾನು ಇದ್ದರೆ..."

"ಗೂಡಿನಲ್ಲಿತ್ತು."

ಅವನು ಅಂಗೈಯ ತುಕ್ಕನ್ನು ಉಜ್ಜಿಕೊಂಡ.

"ನೀವಾದರೂ ಒಂದು ಸಲ ಬಂದು ನೋಡಿ ಅತ್ತಿಗೆ. ಅಣ್ಣ ಎಲ್ಲಿ ಎಣ್ಣೆ ಬಿಡ್ತಿದ್ದರು ಅಂತ ನಿಮಗೆ ಗೊತ್ತಲ್ಲ. ನೀವು ಮನೆಯಲ್ಲೇ ಇರ್ತೀರಿ ಅಂತ ಬಂದೆ."

ಅವಳಿಗೆ ಗೊತ್ತಿತ್ತು. ಬಲಗಡೆ ಬ್ರಾಕೆಟ್ಟಿನ ಹಿಂದೆ ಒಂದು ತೂತು, ಅದಕ್ಕೆ ಮೂರು ಹನಿ, ಆಮೇಲೆ ಹಲಗೆಯಿಂದ ಒಂದು ತಟ್ಟು. ಐದು ನಿಮಿಷದ ಕೆಲಸ.

"ನೀನು ಕಂಡದ್ದನ್ನ ಮಾತ್ರ ಹೇಳೋನಲ್ವಾ?" ಎಂದಳು.

"ಅತ್ತಿಗೆ..."

"ಯಾರಾದರೂ ಕೇಳಿದರೆ ಹೇಳು. ಬಾಗಿಲು ಮುಚ್ಚಿತ್ತು ಅಂತ."

ಮುಚ್ಚಿದಳು. ಒಳಗಿನಿಂದ ಚಿಲಕ ಹಾಕಿ, ಅಡಿಗೆ ಕಟ್ಟೆಗೆ ಬಂದು, ಅರ್ಧ ಕೊರೆದ ಬೀಗದ ಕೈಯನ್ನು ಮತ್ತೆ ಯಂತ್ರಕ್ಕೆ ಕಚ್ಚಿಸಿದಳು. ಹೊರಗೆ ಅವನು ಇನ್ನೂ ನಿಂತಿದ್ದ. ಕೂಗಲಿಲ್ಲ.